ಅರ್ಧ ಕಲಾವಿದರಿಗೆ, ಅರ್ಧ ಕೇಂದ್ರಕ್ಕೆ

ಬೀದಿಬದಿಯ ಚಿಕ್ಕ ಮಳಿಗೆಯಲ್ಲಿ ಮದುವೆ ಕರೆಯೋಲೆ ಅಚ್ಚಾಗುವುದನ್ನು ನೋಡಿದವರಿಗೆ ಸ್ಕ್ರೀನ್ ಪ್ರಿಂಟಿಂಗ್ ಹೊಸತೇನಲ್ಲ. ಚೌಕಟ್ಟಿಗೆ ಬಿಗಿದ ಜಾಲರಿ, ಅದರ ಮೇಲೆ ಒಂದಿಷ್ಟು ಇಂಕು, ಎಳೆಯಲು ಸ್ಕ್ವೀಜಿ ಎಂಬ ಒಂದು ರಬ್ಬರ್ ಪಟ್ಟಿ. ಸಾಮಾನು ಅಷ್ಟೇ. ಲಾಸ್ ಏಂಜಲೀಸಿನ ಪೂರ್ವಕ್ಕೆ, ಮೆಕ್ಸಿಕೋ ಮೂಲದ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಬಡಾವಣೆಗಳಲ್ಲಿ, ಇಷ್ಟೇ ಸಾಮಾನನ್ನು ನಂಬಿಕೊಂಡು ಒಂದು ಕಲಾಕೇಂದ್ರ ಐವತ್ತು ವರ್ಷ ದಾಟಿದೆ. ಹೆಸರು ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್ ಅಂಡ್ ಆರ್ಟ್.

ಅಲ್ಲಿನ ಗೋಡೆಗಳನ್ನು ನೋಡಿ ಮೆಚ್ಚಿ ಹೋಗುವವರು ಬಹಳ. ಇಲ್ಲಿ ಬರೆಯುತ್ತಿರುವುದು ಒಳಕೋಣೆಯ ವಿಚಾರ: ಅಚ್ಚಿನ ಮೇಜಿನ ಹತ್ತಿರ ಯಾರು ನಿಲ್ಲುತ್ತಾರೆ, ಒಣಗಿದ ಪ್ರತಿಗಳಲ್ಲಿ ಯಾರಿಗೆ ಎಷ್ಟು ಪಾಲು, ತಲೆಯ ಮೇಲಿನ ಸೂರು ಯಾರದು. ಸಮುದಾಯದ ಕಲಾಕೇಂದ್ರವೊಂದು ಬಾಳುವುದೂ ಬೀಳುವುದೂ ಈ ಲೆಕ್ಕಗಳಲ್ಲೇ ಎಂಬುದು ನಮ್ಮ ಬಲವಾದ ನಂಬಿಕೆ.

1970ರಲ್ಲಿ ಇದು ಶುರುವಾದದ್ದು ಒಂದು ಗ್ಯಾರೇಜಿನಲ್ಲಿ. ಸಿಸ್ಟರ್ ಕ್ಯಾರೆನ್ ಬೊಕಲೇರೊ ಫ್ರಾನ್ಸಿಸ್ಕನ್ ಸನ್ಯಾಸಿನಿ, ಜೊತೆಗೆ ನುರಿತ ಅಚ್ಚುಗಾರ್ತಿ. ಸ್ಕ್ರೀನ್ ಪ್ರಿಂಟ್‌ಗಳಿಗೆ ಹೆಸರಾದ ಕೊರೀಟಾ ಕೆಂಟ್ ಪಾಠ ಹೇಳುತ್ತಿದ್ದ ಇಮ್ಯಾಕ್ಯುಲೇಟ್ ಹಾರ್ಟ್ ಕಾಲೇಜಿನಲ್ಲಿ ಕಲಿತವರು. ಮೆಕ್ಸಿಕೋದಿಂದ ಬಂದ ಕಾರ್ಲೋಸ್ ಬುಯೆನೊ, ಆಂಟೋನಿಯೊ ಇಬಾನ್ಯೆಸ್ ಮತ್ತು ಸ್ಥಳೀಯ ಚಿಕಾನೊ (ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೋ ಮೂಲದ) ಕಲಾವಿದರು ಅವರ ಜೊತೆಯಾದರು. ಅದೇ ವರ್ಷ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ಈಸ್ಟ್ ಲಾಸ್ ಏಂಜಲೀಸಿನಲ್ಲಿ ಹೊರಟ ಚಿಕಾನೊ ಮೊರಟೋರಿಯಂ ಮೆರವಣಿಗೆಯ ಮೇಲೆ ಪೊಲೀಸರು ಬಲಪ್ರಯೋಗ ಮಾಡಿದರು. ಪತ್ರಕರ್ತ ರೂಬೆನ್ ಸಲಾಸಾರ್ ಅಶ್ರುವಾಯು ಶೆಲ್ ಬಡಿದು ತೀರಿಕೊಂಡರು. ಆ ಗಾಯ ಹಸಿಯಾಗಿದ್ದ ದಿನಗಳಲ್ಲಿ ಬಡಾವಣೆಯ ಹುಡುಗ ಹುಡುಗಿಯರಿಗೆ ಸ್ಕ್ವೀಜಿ ಹಿಡಿಯಲು ಒಂದು ಜಾಗ ಸಿಕ್ಕಿತು. 1973ರಲ್ಲಿ ಅದು ಸಂಸ್ಥೆಯಾಗಿ ನೋಂದಣಿಯಾಯಿತು. 1975ರಿಂದ ಬ್ಯಾರಿಯೊ ಮೊಬೈಲ್ ಆರ್ಟ್ ಸ್ಟುಡಿಯೊ ಎಂಬ ವ್ಯಾನು ಶಾಲೆಗಳಿಗೆ, ಬೀದಿಗಳಿಗೆ ಹೊರಟಿತು. ಕೇಂದ್ರಕ್ಕೆ ಬರಲಾಗದವರ ಬಳಿಗೆ ಬಣ್ಣವೇ ಹೋಯಿತು.

ಇಂಥ ಕೇಂದ್ರಗಳ ಕಲೆಯನ್ನು ಈಗ ಹಲವರು ಲ್ಯಾಟಿನೆಕ್ಸ್ ಎನ್ನುತ್ತಾರೆ. ಆ ಪದದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗೋಣ. ಸ್ಪ್ಯಾನಿಷ್ ಭಾಷೆಯಲ್ಲಿ ಮೇಜು ಕುರ್ಚಿಗಳಿಗೂ ಲಿಂಗ ಉಂಟು. ಲ್ಯಾಟಿನೊ ಎಂದರೆ ಗಂಡು, ಲ್ಯಾಟಿನಾ ಎಂದರೆ ಹೆಣ್ಣು, ಇಬ್ಬರೂ ಕೂಡಿದ ಗುಂಪಿಗೆ ಗಂಡು ರೂಪವೇ. ಈ ಎರಡಕ್ಕೂ ಒಳಪಡದ ರೂಪ ಬೇಕೆಂದವರು ಕೊನೆಯ ಸ್ವರದ ಜಾಗದಲ್ಲಿ ಎಕ್ಸ್ ಇಟ್ಟರು. ಎಲ್ಲರೂ ಅದನ್ನು ಒಪ್ಪಿಲ್ಲ. 1970ರ ಹೋರಾಟದಲ್ಲಿದ್ದವರಿಗೆ ಚಿಕಾನೊ ಎಂಬ ಪದವೇ ಹತ್ತಿರ, ಪೋರ್ಟೊರಿಕೊ ಮೂಲದ ಹಲವರಿಗೆ ಬೊರಿಕುವಾ. ಪ್ರದರ್ಶನದ ಫಲಕ ಬರೆಯುವಾಗ ಆಯಾ ಕಲಾವಿದರನ್ನೇ ಕೇಳಿ, ಅವರು ಹೇಳಿದ ಪದವನ್ನೇ ಬರೆಯುವುದು ಒಳ್ಳೆಯ ಕ್ರಮ.

ಅಚ್ಚೇ ಏಕೆ ಬೇಕಿತ್ತು? ಒಂದು ಎಣ್ಣೆವರ್ಣದ ಚಿತ್ರ ಒಬ್ಬರ ಮನೆಗೆ ಹೋಗುತ್ತದೆ. ಅರವತ್ತು ಪ್ರತಿಗಳ ಅಚ್ಚು ಅರವತ್ತು ಮನೆಗಳಿಗೆ ಹೋಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಇದರ ಹಿಂದೆ ಮೆಕ್ಸಿಕೋದ ಹಳೆಯ ಪರಂಪರೆಯೂ ಇದೆ. ಹೊಸೆ ಗ್ವಾದಲೂಪೆ ಪೊಸಾದಾ (1852-1913) ಅಗ್ಗದ ಹಾಳೆಗಳ ಮೇಲೆ ಅಸ್ಥಿಪಂಜರಗಳನ್ನು ಕುಣಿಸಿ ಸಿರಿವಂತರನ್ನು ಅಣಕಿಸಿದವರು. 1937ರಲ್ಲಿ ಮೆಕ್ಸಿಕೋ ನಗರದಲ್ಲಿ ಹುಟ್ಟಿದ ತಯ್ಯೆರ್ ದೆ ಗ್ರಾಫಿಕಾ ಪೊಪುಲಾರ್ ಕಾರ್ಮಿಕರ ಪರ ಪೋಸ್ಟರುಗಳನ್ನು ಅಚ್ಚುಹಾಕಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದ ಮೇಲಂತೂ ಸ್ಕ್ರೀನ್ ಪ್ರಿಂಟ್ ಪೋಸ್ಟರ್ ಚಿಕಾನೊ ಚಳವಳಿಯ ದನಿಯೇ ಆಯಿತು. ಎಸ್ತೆರ್ ಹೆರ್ನಾಂಡೆಸ್ 1982ರಲ್ಲಿ ತೆಗೆದ ‘ಸನ್ ಮ್ಯಾಡ್’ ಅಚ್ಚಿನಲ್ಲಿ ಒಣದ್ರಾಕ್ಷಿ ಪೊಟ್ಟಣದ ಮೇಲಿನ ನಗುಮುಖದ ಹುಡುಗಿಯ ಜಾಗದಲ್ಲಿ ತಲೆಬುರುಡೆ ನಿಂತಿದೆ, ಕೀಟನಾಶಕದ ವಿರುದ್ಧ. ಆ ಚಿತ್ರ ಒಂದೇ ಪ್ರತಿಯಲ್ಲಿ ಇದ್ದಿದ್ದರೆ ಹೊಲದಲ್ಲಿ ದುಡಿಯುವವರಿಗೆ ತಲುಪುತ್ತಿತ್ತೇ?

1982ರಲ್ಲಿ ಗ್ರಾಂಕ್ ಎಂಬ ಕಲಾವಿದರ ಜೊತೆ ಸೆಲ್ಫ್ ಹೆಲ್ಪ್ ಪ್ರಯೋಗಕ್ಕೆಂದು ಅಚ್ಚು ತೆಗೆಯಿತು. ಅವುಗಳ ಮಾರಾಟದಿಂದ ಬಂದ ಹಣ ಸ್ಕ್ರೀನ್ ಪ್ರಿಂಟ್ ಅಟೆಲಿಯೆಗೆ, ಅಂದರೆ ಕಲಾವಿದರ ಅಚ್ಚುಶಾಲೆಗೆ, ಬಂಡವಾಳವಾಯಿತು. ಅಂದಿನಿಂದ ಪದ್ಧತಿ ಹೀಗೆ: ಕಲಾವಿದರನ್ನು ಕರೆಯುತ್ತಾರೆ, ಮಾಸ್ಟರ್ ಪ್ರಿಂಟರ್ ಒಬ್ಬರು ಜೊತೆಗೆ ನಿಲ್ಲುತ್ತಾರೆ, ಬಂದ ಪ್ರತಿಗಳಲ್ಲಿ ಅರ್ಧ ಕಲಾವಿದರಿಗೆ, ಅರ್ಧ ಕೇಂದ್ರಕ್ಕೆ. ಕಲಾವಿದರು ತಮ್ಮ ಪಾಲನ್ನು ಮಾರಲಿ, ಹಂಚಲಿ, ಇಟ್ಟುಕೊಳ್ಳಲಿ. ಕೇಂದ್ರ ತನ್ನ ಪಾಲನ್ನು ಮಾರಿ ಮುಂದಿನ ಕಲಾವಿದರ ಕಾಗದ, ಇಂಕು, ಕೂಲಿ ಹೊಂದಿಸುತ್ತದೆ. ಗೇಣಿಯ ಲೆಕ್ಕ ಬಲ್ಲ ಊರಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಆದರೆ ಇಲ್ಲಿ ಪಾಲು ಪಡೆಯುವ ಕೇಂದ್ರ ಕಾಗದ, ಇಂಕು, ಅಚ್ಚುಗಾರರ ದುಡಿಮೆ ಎಲ್ಲವನ್ನೂ ತಾನೇ ಹಾಕಿರುತ್ತದೆ.

ಈಗ ಮೇಜಿನ ಹತ್ತಿರ ಬರೋಣ.

ಪ್ರತಿ ಬಣ್ಣಕ್ಕೂ ಒಂದು ಫಿಲ್ಮು, ಅಂದರೆ ಆ ಬಣ್ಣದ ಭಾಗವಷ್ಟೇ ಕಪ್ಪಾಗಿರುವ ಪಾರದರ್ಶಕ ಹಾಳೆ, ಬೇಕು. ಕಂಪ್ಯೂಟರಿನಲ್ಲೂ ತೆಗೆಯಬಹುದು, ಆದರೆ ಕಲಾವಿದರು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಮಸಿಯಿಂದ ಕೈಯಾರೆ ಬರೆದ ಫಿಲ್ಮಿನಲ್ಲಿ ಕುಂಚದ ಒಣ ಗೆರೆಗಳೂ ಉಳಿಯುತ್ತವೆ. ಮಸಿ ಬೆಳಕನ್ನು ಪೂರ್ತಿ ತಡೆಯಬೇಕು. ದೀಪಕ್ಕೆ ಹಿಡಿದಾಗ ಕಂದುಬಣ್ಣ ಕಂಡರೆ ಮಸಿ ತೆಳುವಾಗಿದೆ ಎಂದರ್ಥ, ಅಲ್ಲಿ ಅಚ್ಚು ಅರೆಬರೆ ಬರುತ್ತದೆ. ಪಕ್ಕಪಕ್ಕದ ಎರಡು ಬಣ್ಣಗಳು ಒಂದರ ಮೇಲೊಂದು ಸುಮಾರು ಒಂದು ಮಿಲಿಮೀಟರ್ ಹತ್ತಿ ಕೂರಬೇಕು. ಅಂಚಿಗೆ ಅಂಚು ತಾಗಿಸಿ ಬರೆದರೆ ನಡುವೆ ಬಿಳಿ ಗೆರೆ ಇಣುಕುವುದು ಖಂಡಿತ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಜಾಲರಿ ಪಾಲಿಯೆಸ್ಟರಿನದು. ಬಟ್ಟೆಗೆ ಇಂಚಿಗೆ 110 ಎಳೆಯದು ಸಾಕು, ಕಾಗದಕ್ಕೆ 230ರಿಂದ 305 ಎಳೆಯದು ಬೇಕು. ಎಳೆ ಹೆಚ್ಚಿದಷ್ಟೂ ಇಂಕಿನ ಪದರ ತೆಳುವಾಗುತ್ತದೆ, ಸಣ್ಣ ಗೆರೆ ಚೊಕ್ಕವಾಗಿ ನಿಲ್ಲುತ್ತದೆ. ಬಿಗಿತ ಸೆಂಟಿಮೀಟರಿಗೆ 20ರಿಂದ 25 ನ್ಯೂಟನ್ ಇರಲಿ. ಸಡಿಲವಾದ ಜಾಲರಿ ಸ್ಕ್ವೀಜಿಯ ಜೊತೆಗೇ ಸರಿದು ಚಿತ್ರವನ್ನು ಎಳೆದುಬಿಡುತ್ತದೆ. ಮೊದಲು ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆದು ಒಣಗಿಸಬೇಕು; ಬೆರಳಿನ ಜಿಡ್ಡು ಉಳಿದರೂ ಸಾಕು, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಎಂಬ ಲೇಪ ಆ ಜಾಗದಲ್ಲಿ ಕಣ್ಣುಬಿಟ್ಟು ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಹಳದಿ ದೀಪದ ಕೋಣೆಯಲ್ಲಿ ಎಮಲ್ಷನ್ ಬಳಿದು, ಕಾಗದ ತಾಗುವ ಮಗ್ಗುಲು ಕೆಳಗೆ ಬರುವಂತೆ ಮಲಗಿಸಿ ಕತ್ತಲಲ್ಲಿ ಒಣಗಿಸುತ್ತಾರೆ. ಒಣಗಿದಂತೆ ಕಂಡರೂ ಒಳಗೆ ತೇವ ಇದ್ದೀತು. ಅವಸರಪಟ್ಟು ಬೆಳಕಿಗೆ ಒಡ್ಡಿದರೆ ತೊಳೆಯುವಾಗ ಪದರವೇ ಕಿತ್ತುಬರುತ್ತದೆ.

ಫಿಲ್ಮನ್ನು ಎಮಲ್ಷನ್ನಿಗೆ ತಾಗಿಸಿ ಬೆಳಕು ಬಿಟ್ಟರೆ ಮಸಿಯಿದ್ದಲ್ಲಿ ಲೇಪ ಗಟ್ಟಿಯಾಗದೆ ತೊಳೆದುಹೋಗುತ್ತದೆ, ಚಿತ್ರದ ಕಿಂಡಿಗಳುಳ್ಳ ಸ್ಟೆನ್ಸಿಲ್ ಉಳಿಯುತ್ತದೆ. ಬೆಳಕು ಎಷ್ಟು ಹೊತ್ತು? ಆಯಾ ದೀಪ, ಆಯಾ ಎಮಲ್ಷನ್ನಿಗೆ ಬೇರೆ ಬೇರೆ. ಊಹೆಗೆ ಬಿಡದೆ, ಹಂತಹಂತವಾಗಿ ಗಾಢವಾಗುವ 21 ಮೆಟ್ಟಿಲಿನ ಸ್ಟೌಫರ್ ಪಟ್ಟಿ ಇಟ್ಟು ನೋಡುತ್ತಾರೆ. ತೊಳೆದ ಮೇಲೆ 7ನೇ ಮೆಟ್ಟಿಲು ಗಟ್ಟಿಯಾಗಿ ನಿಂತಿದ್ದರೆ ಹದ ಸರಿ. ಕಡಿಮೆಯಾದರೆ ಸ್ಟೆನ್ಸಿಲ್ ಲೋಳೆಯಾಗಿ ಜಾರುತ್ತದೆ, ಹೆಚ್ಚಾದರೆ ಸಣ್ಣ ಚುಕ್ಕೆಗಳು ಬಾಯೇ ಬಿಡುವುದಿಲ್ಲ. ಮೊದಲನೆಯ ತಪ್ಪು ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಎರಡನೆಯದು ಅಚ್ಚು ಹಾಕಿದ ಮೇಲೆ ಕಾಣುವಂಥದ್ದು, ಅದೇ ದುಬಾರಿ.

ಕಾಗದ 22 ಇಂಚು ಅಗಲ 30 ಇಂಚು ಉದ್ದದ ಹತ್ತಿಕಾಗದ. ಅಚ್ಚಿಗೆ ಮುಂಚೆ ಒಂದೆರಡು ದಿನ ಅದೇ ಕೋಣೆಯಲ್ಲಿ ಬಿಚ್ಚಿಡಬೇಕು. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಸೋಮವಾರ ಮೋಡದಲ್ಲಿ ಹಾಕಿದ ಹಳದಿಯ ಮೇಲೆ ಗುರುವಾರ ಬಿಸಿಲಿನಲ್ಲಿ ನೀಲಿ ಹಾಕಿದರೆ ಒಂದು ಮೂಲೆಯಲ್ಲಿ ಕೂಡುತ್ತದೆ, ಎದುರು ಮೂಲೆಯಲ್ಲಿ ತಪ್ಪುತ್ತದೆ. ಆಗ ಮೇಜಿನ ಮೇಲಿನ ಗುರುತುಗಳನ್ನು ಎಷ್ಟು ಸರಿಪಡಿಸಿದರೂ ಉಪಯೋಗವಿಲ್ಲ. ಗುರುತು ಎಂದರೆ ಹಾಳೆಯ ಅಂಚು ಕೂರುವ ಮೂರು ದಪ್ಪ ಪಟ್ಟಿಗಳು: ಉದ್ದದ ಬದಿಗೆ ಎರಡು, ಗಿಡ್ಡ ಬದಿಗೆ ಒಂದು. ಪ್ರತಿ ಹಾಳೆಯನ್ನೂ ಅದೇ ಮೂಲೆಗೆ, ಅಷ್ಟೇ ಒತ್ತಡದಲ್ಲಿ ತಾಗಿಸಬೇಕು.

ಜಾಲರಿಗೂ ಕಾಗದಕ್ಕೂ ನಡುವೆ ಸುಮಾರು 3 ಮಿಲಿಮೀಟರ್ ಅಂತರ ಇರಬೇಕು. ಸ್ಕ್ವೀಜಿ ಹಾದುಹೋದ ಕೂಡಲೇ ಜಾಲರಿ ಮೇಲೆದ್ದರೆ ಅಂಚು ಚೊಕ್ಕ, ಅಂಟಿಕೊಂಡರೆ ಇಂಕು ಕೆಳಗೆ ಹರಡುತ್ತದೆ. ರಬ್ಬರಿನ ಗಡಸು 70 ಡ್ಯೂರೊಮೀಟರ್, ಎಳೆಯುವ ಓರೆ ಸುಮಾರು 75 ಡಿಗ್ರಿ. ಅಂಚು ಮೊಂಡಾಗಿದ್ದರೆ ಇಂಕು ದಪ್ಪ ಬೀಳುತ್ತದೆ. ಒಂದು ಎಳೆತ ಅಚ್ಚಿಗೆ, ಹಿಂದೆಯೇ ಒಂದು ಹಗುರ ಎಳೆತ ಜಾಲರಿ ತುಂಬಲು. ನೀರಿನ ಇಂಕಿನಲ್ಲಿ ಈ ಎರಡನೆಯದು ಮರೆತರೆ ಎರಡು ನಿಮಿಷದಲ್ಲಿ ಜಾಲರಿಯ ಕಣ್ಣುಗಳು ಒಣಗಿ ಮುಚ್ಚುತ್ತವೆ. ಒಣಗುವುದನ್ನು ತಡೆಯಲು ರಿಟಾರ್ಡರ್ ಸೇರಿಸುತ್ತಾರೆ. ಅತಿಯಾದರೆ ಹಾಳೆ ದಿನವಿಡೀ ಅಂಟಂಟು. ಹಿಂದೆ ಬಳಸುತ್ತಿದ್ದ ಎಣ್ಣೆ ಇಂಕುಗಳು ಇಷ್ಟು ಕಾಡುತ್ತಿರಲಿಲ್ಲ, ಹೊಳಪೂ ಚೆನ್ನ. ಆದರೆ ಅವನ್ನು ತೊಳೆಯುವ ದ್ರಾವಕಗಳ ಆವಿಯನ್ನು ದಿನಗಟ್ಟಲೆ ಉಸಿರಾಡಿದ ಅಚ್ಚುಗಾರರ ಆರೋಗ್ಯಕ್ಕೆ ಹೋಲಿಸಿದರೆ ಆ ಹೊಳಪಿಗೆ ಬೆಲೆಯಿಲ್ಲ. ಮಕ್ಕಳೂ ಮುದುಕರೂ ಬರುವ ಜಾಗದಲ್ಲಿ ನೀರಿನ ಇಂಕೇ ಸರಿ.

ಬಣ್ಣಗಳ ಸರದಿ ಸಾಮಾನ್ಯವಾಗಿ ತಿಳಿಯಿಂದ ಗಾಢಕ್ಕೆ, ಗೆರೆಯ ಕಪ್ಪು ಕಡೆಗೆ. ಕ್ಯಾಲಿಫೋರ್ನಿಯಾದ ಪೋಸ್ಟರುಗಳಲ್ಲಿ ಕಾಣುವ ಸಂಜೆಯಾಕಾಶ, ಹಳದಿಯಿಂದ ಕೆಂಪಿಗೆ ಇಳಿಯುವುದು, ಎರಡು ಜಾಲರಿಯ ಕೆಲಸವಲ್ಲ. ಒಂದೇ ಜಾಲರಿಯ ಮೇಲೆ ಎರಡು ಇಂಕನ್ನು ಪಕ್ಕಪಕ್ಕ ಸುರಿದು ಒಂದೇ ಎಳೆತದಲ್ಲಿ ಎಳೆಯುತ್ತಾರೆ. ಕೆಲವು ಎಳೆತಗಳಾದ ಮೇಲೆ ನಡುವಿನ ಬೆರಕೆ ಹದಕ್ಕೆ ಬರುತ್ತದೆ, ಇನ್ನೂ ಎಳೆಯುತ್ತಾ ಹೋದರೆ ಇಡೀ ಪಟ್ಟಿ ಕೆಸರಾಗುತ್ತದೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಬಣ್ಣ ಕಾಣಿಸುವ ಉಪಾಯ ಇದು. ಇದ್ದುದರಲ್ಲೇ ಚಂದ ಮಾಡುವ ಇಂಥ ಜಾಣ್ಮೆಗೆ ಚಿಕಾನೊಗಳಲ್ಲಿ ‘ರಾಸ್ಕ್ವಾಚೆ’ ಎಂಬ ಮಾತಿದೆ. ಒಂದು ಕಾಲಕ್ಕೆ ಬೈಗುಳದಂತಿದ್ದ ಆ ಪದವನ್ನು ಕಲಾವಿದರು ಹೆಮ್ಮೆಯಿಂದ ಎತ್ತಿಕೊಂಡರು.

ಉದಾಹರಣೆಗೆ 10 ಬಣ್ಣದ ಚಿತ್ರ, 60 ಪ್ರತಿ ಬೇಕು ಎನ್ನಿ. ಬಣ್ಣಕ್ಕೆ ಒಂದು ಹಾಳೆ ಕೆಟ್ಟರೂ 70 ಹಾಳೆಯಿಂದ ಶುರುಮಾಡಬೇಕು, ಅಂದರೆ 650ಕ್ಕೂ ಹೆಚ್ಚು ಎಳೆತ. ಕೊನೆಯ ಬಣ್ಣದಲ್ಲಿ ಕೆಟ್ಟ ಹಾಳೆ ಹಿಂದಿನ ಒಂಬತ್ತು ಎಳೆತಗಳನ್ನೂ ಜೊತೆಗೆ ಒಯ್ಯುತ್ತದೆ. ಆದ್ದರಿಂದ ಅನುಭವಿ ಅಚ್ಚುಗಾರರು ಮೊದಲ ದಿನವೇ ಕಲಾವಿದರ ಜೊತೆ ಕೂತು, ಎರಡು ಬಣ್ಣ ಮೇಲೆ ಬಿದ್ದು ಮೂರನೆಯದು ಹುಟ್ಟುವಂತೆ ಇಂಕಿಗೆ ಪಾರದರ್ಶಕ ಬೇಸ್ ಸೇರಿಸಿ, ಹತ್ತನ್ನು ಏಳಕ್ಕೋ ಎಂಟಕ್ಕೋ ಇಳಿಸುತ್ತಾರೆ. ಕಲಾವಿದರು ಒಪ್ಪಿ ಸಹಿ ಮಾಡಿದ ಪ್ರೂಫ್, ಅಂದರೆ ಮಾದರಿ ಪ್ರತಿ, ಗೋಡೆಯ ಮೇಲೆ ಇರುತ್ತದೆ. ಪ್ರತಿ ಹಾಳೆಯನ್ನೂ ಅದರ ಪಕ್ಕ ಹಿಡಿದೇ ಆರಿಸುವುದು. ಆಮೇಲೆ ಪೆನ್ಸಿಲಿನಲ್ಲಿ 1/60, 2/60 ಎಂದು ಸಂಖ್ಯೆ, ಸಹಿ. ಪೆನ್ನು ಬೇಡ, ಮಸಿ ಮಾಸುತ್ತದೆ. 30 ಇತ್ತ, 30 ಅತ್ತ.

ಕೊನೆಗೆ ಸ್ಟೆನ್ಸಿಲ್ ಕರಗಿಸಿ ಜಾಲರಿಯನ್ನು ತೊಳೆದು ಮತ್ತೆ ಬಳಸುತ್ತಾರೆ. ಎಷ್ಟು ತೊಳೆದರೂ ಹಿಂದಿನ ಚಿತ್ರದ ಮಸುಕು ನೆರಳು ಎಳೆಗಳಲ್ಲಿ ಉಳಿಯುವುದುಂಟು. ಕಣ್ಣುಗಳು ತೆರೆದಿದ್ದರೆ ಅದರಿಂದ ಹೊಸ ಅಚ್ಚಿಗೆ ತೊಂದರೆಯಿಲ್ಲ.

ವರ್ಷದ ದೊಡ್ಡ ಗದ್ದಲ ಬೇರೆಯದು. ನವೆಂಬರ್ 1 ಮತ್ತು 2, ದಿಯಾ ದೆ ಲೋಸ್ ಮುಯೆರ್ತೊಸ್, ಸತ್ತವರು ಮನೆಗೆ ಬರುವ ದಿನಗಳು. ಮೊದಲ ದಿನ ಮಕ್ಕಳು, ಮರುದಿನ ದೊಡ್ಡವರು. ಲಾಸ್ ಏಂಜಲೀಸಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಚಿಕಾನೊಗಳಿಗೆ 1970ರ ಹೊತ್ತಿಗೆ ಈ ಹಬ್ಬದ ಪರಿಚಯವೇ ಇರಲಿಲ್ಲ. ಬುಯೆನೊ, ಇಬಾನ್ಯೆಸ್ ಅವರಿಗೆ ಗೊತ್ತಿತ್ತು. ಆ ದಶಕದ ಮೊದಲ ವರ್ಷಗಳಲ್ಲೇ ಕೇಂದ್ರ ಹಬ್ಬವನ್ನು ಬೀದಿಗೆ ತಂದಿತು. ಎವರ್‌ಗ್ರೀನ್ ಸ್ಮಶಾನದಿಂದ ಕೇಂದ್ರದವರೆಗೆ ಮುಖಕ್ಕೆ ಬುರುಡೆ ಬರೆದುಕೊಂಡ ಮೆರವಣಿಗೆ ನಡೆಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೆ ಓಫ್ರೆಂಡಾ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ: ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಮೇಜು, ತೀರಿಕೊಂಡವರ ಭಾವಚಿತ್ರ, ನೀರು, ಉಪ್ಪು, ಅವರಿಗೆ ಇಷ್ಟವಾದ ತಿಂಡಿ, ಮೇಣದಬತ್ತಿ, ಕೊಪಾಲ್ ಧೂಪ. ದಾರಿ ತೋರಲು ಚೆಂಡುಹೂವಿನ ಎಸಳು. ಆ ಹೂವಿನ ತವರೇ ಮೆಕ್ಸಿಕೋ. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಅದು ‘ಇಪ್ಪತ್ತರ ಹೂ’. ಕಡಲು ದಾಟಿ ಬಂದು ನಮ್ಮ ಆಯುಧಪೂಜೆಯ ಹಾರವಾದ ಹೂವೂ ಅದೇ.

ಮನೆಯ ಎಡೆಗೂ ಗ್ಯಾಲರಿಯ ಎಡೆಗೂ ವ್ಯತ್ಯಾಸವಿದೆ, ಅದನ್ನು ಮರೆತವರು ಪಾಡುಪಡುತ್ತಾರೆ. ಅದೇ ಕಟ್ಟಡದಲ್ಲಿ ಸಾವಿರಾರು ಕಾಗದದ ಅಚ್ಚುಗಳಿರುತ್ತವೆ. ಬ್ರೆಡ್ಡು, ಹಣ್ಣು ಎರಡು ದಿನ ಕಳೆದರೆ ಇರುವೆ, ಜಿರಲೆ. ಅವು ಕಾಗದದ ಕಪಾಟನ್ನೂ ಬಿಡುವುದಿಲ್ಲ. ಆದ್ದರಿಂದ ತಿನ್ನುವ ಪದಾರ್ಥ ಹಬ್ಬದ ದಿನಕ್ಕೆ ಮಾತ್ರ, ಉಳಿದ ವಾರಗಳಿಗೆ ಮಣ್ಣಿನ ಮಾದರಿ. ಉರಿಯುವ ಬತ್ತಿಯ ಬದಲು ಬ್ಯಾಟರಿ ದೀಪ. ಕೊಪಾಲ್ ಹೊರಗಿನ ಅಂಗಳದಲ್ಲಿ, ಇಲ್ಲವಾದರೆ ಹೊಗೆಯ ಅಲಾರಂ ಬಾರಿಸಿ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತದೆ. ಭಾವಚಿತ್ರದ ಮೂಲಪ್ರತಿಯನ್ನು ಯಾರಿಂದಲೂ ತೆಗೆದುಕೊಳ್ಳಬಾರದು. ಅಲ್ಲೇ ಸ್ಕ್ಯಾನ್ ಮಾಡಿ ನಕಲು ಇಟ್ಟು ಮೂಲವನ್ನು ಕೂಡಲೇ ಕೈಗೆ ಕೊಟ್ಟುಬಿಡಬೇಕು. ಅಜ್ಜಿಯ ಒಂದೇ ಒಂದು ಫೋಟೊ ಕಳೆದರೆ ಆ ಮನೆಯವರು ಮತ್ತೆ ಬರುವುದಿಲ್ಲ, ಬರಲೂಬಾರದು.

ಹಸಿ ಹೂವಿನ ಜೊತೆ ಕಾಗದದ ಹೂವೂ ಬೇಕಾಗುತ್ತದೆ. 8ರಿಂದ 10 ಟಿಶ್ಯೂ ಹಾಳೆ ಒಟ್ಟಿಗೆ ಜೋಡಿಸಿ, ಒಂದಿಂಚಿನ ಮಡಿಕೆಯಲ್ಲಿ ಬೀಸಣಿಗೆಯಂತೆ ಮಡಚಿ, ನಡುವೆ ತಂತಿ ಬಿಗಿದು, ತುದಿಗಳನ್ನು ಕತ್ತರಿಸಿ ಒಂದೊಂದೇ ಪದರ ಮೇಲೆತ್ತುವುದು. ತಂತಿ ಅತಿ ಬಿಗಿಯಾದರೆ ಪದರ ಹರಿಯುತ್ತದೆ. ಪಪೆಲ್ ಪಿಕಾದೊ ಎಂಬ ಕತ್ತರಿಸಿದ ಕಾಗದದ ತೋರಣ ಇನ್ನೂ ಸೂಕ್ಷ್ಮ. ಮೆಕ್ಸಿಕೋದ ಪುಯೆಬ್ಲಾ ರಾಜ್ಯದ ಸಾನ್ ಸಾಲ್ವದೋರ್ ಹ್ವಿಕ್ಸ್‌ಕೊಲೋತ್ಲಾ ಊರಿನ ಕುಶಲಿಗರು ಹತ್ತಾರು ಹಾಳೆಗಳನ್ನು ಒಟ್ಟಿಗೆ ಇಟ್ಟು ಉಳಿ ಸುತ್ತಿಗೆಯಲ್ಲಿ ಕೊರೆಯುತ್ತಾರೆ. ಕಾರ್ಯಾಗಾರದಲ್ಲಿ ಬ್ಲೇಡಿನಿಂದ 5ರಿಂದ 8 ಹಾಳೆ ಸಾಕು. ಸುತ್ತ ಒಂದಿಂಚು ಅಂಚು ಬಿಡಬೇಕು, ಚಿತ್ರದ ಪ್ರತಿ ತುಣುಕೂ ಇನ್ನೊಂದಕ್ಕೆ ತಾಗಿರಬೇಕು. ಕಣ್ಣಿನ ಗುಡ್ಡೆಗೆ ಸೇತುವೆ ಬಿಡುವುದನ್ನು ಮರೆತರೆ ಗುಡ್ಡೆಯೇ ಉದುರುತ್ತದೆ.

ಸಕ್ಕರೆ ಬುರುಡೆಗೆ ಅಳತೆ ಸುಲಭ: 1 ಕಪ್ ಸಕ್ಕರೆಗೆ 1 ಟೀ ಚಮಚ ಮೆರಿಂಗ್ ಪುಡಿ (ಮೊಟ್ಟೆಯ ಬಿಳಿಭಾಗದಿಂದ ಮಾಡಿದ್ದು), 1 ಟೀ ಚಮಚ ನೀರು. ಮುಷ್ಟಿಯಲ್ಲಿ ಹಿಡಿದಾಗ ಬೆರಳಿನ ಗುರುತು ನಿಂತರೆ ಹದ. ಅಚ್ಚಿಗೆ ಒತ್ತಿ ತುಂಬಿ ಕೂಡಲೇ ರಟ್ಟಿನ ಮೇಲೆ ಬೋರಲು ಹಾಕಬೇಕು. ಕೆಲವು ಗಂಟೆ ಬಿಟ್ಟು ಹಿಂಬದಿಯಿಂದ ಒಳಗಿನ ಹಸಿ ಸಕ್ಕರೆಯನ್ನು ಚಮಚದಲ್ಲಿ ತೋಡಿ, ಅರ್ಧ ಇಂಚಿನ ಗೋಡೆ ಉಳಿಸಿ, ಮತ್ತೆ ರಾತ್ರಿಯಿಡೀ ಒಣಗಿಸಬೇಕು. ನೀರು ಹೆಚ್ಚಾದರೆ ಅಚ್ಚು ಬಿಡುವುದಿಲ್ಲ, ಕಡಿಮೆಯಾದರೆ ಮೂಗು ಉದುರುತ್ತದೆ. ಮಳೆ ಹಿಡಿದ ದಿನ ಮಾಡಲೇಬಾರದು, ಅದು ಒಣಗುವುದೇ ಇಲ್ಲ.

ಇದೇ ಜಾತಿಯ ಮನೆಗಳು ಬೇರೆ ಊರುಗಳಲ್ಲೂ ಎದ್ದವು. ನ್ಯೂಯಾರ್ಕಿನ ಎಲ್ ಮೂಸಿಯೊ ದೆಲ್ ಬ್ಯಾರಿಯೊ 1969ರದು, ಸ್ಯಾನ್ ಫ್ರಾನ್ಸಿಸ್ಕೊದ ಗಲೆರಿಯಾ ದೆ ಲಾ ರಾಸಾ 1970ರದು. ಷಿಕಾಗೊದ ಪಿಲ್ಸನ್ ಬಡಾವಣೆಯಲ್ಲಿ 1987ರಲ್ಲಿ ಬಾಗಿಲು ತೆರೆದು ಈಗ ನ್ಯಾಷನಲ್ ಮ್ಯೂಸಿಯಂ ಆಫ್ ಮೆಕ್ಸಿಕನ್ ಆರ್ಟ್ ಎನಿಸಿಕೊಂಡಿರುವ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಗೋಡೆಗೆ ಹಾಕುವ ನಿಯಮಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 57 ಇಂಚು, ಕಾಗದದ ಮೇಲೆ ಬೆಳಕು 50 ಲಕ್ಸ್ ಮೀರದಿರಲಿ, ಒಂದು ಅಚ್ಚು ಮೂರು ನಾಲ್ಕು ತಿಂಗಳು ಗೋಡೆಯಲ್ಲಿದ್ದರೆ ಆಮೇಲೆ ಅದಕ್ಕೆ ಕತ್ತಲಲ್ಲಿ ವಿಶ್ರಾಂತಿ. ಇನ್ನೊಂದನ್ನು ನಾವು ಸೇರಿಸುತ್ತೇವೆ: ಫಲಕದಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಅಕ್ಷರಗಳ ಗಾತ್ರ ಒಂದೇ ಇರಬೇಕು. ಸ್ಪ್ಯಾನಿಷನ್ನು ಕೆಳಗೆ ಚಿಕ್ಕದಾಗಿ ಬರೆದರೆ ಅಜ್ಜಿಗೆ ಓದಲೂ ಆಗದು, ತನ್ನ ಭಾಷೆಯ ಸ್ಥಾನವೇನೆಂಬುದೂ ಅಲ್ಲೇ ತಿಳಿದುಹೋಗುತ್ತದೆ.

ಉಳಿದದ್ದು ಸೂರು. 1979ರ ಹೊತ್ತಿಗೆ ಸೆಲ್ಫ್ ಹೆಲ್ಪ್ ಈಗ ಸೆಸಾರ್ ಚಾವೆಸ್ ಅವೆನ್ಯೂ ಎನಿಸಿಕೊಂಡಿರುವ ರಸ್ತೆಯ ದೊಡ್ಡ ಕಟ್ಟಡಕ್ಕೆ ಬಂತು. ಎಡ್ವಾರ್ಡೊ ಒರೊಪೆಸಾ ಅದರ ಹೊರಗೋಡೆಗೆ ಒಡೆದ ಪಿಂಗಾಣಿ, ಮಡಕೆ ಚೂರುಗಳನ್ನು ಹತ್ತಿಸಿ ಮೊಸಾಯಿಕ್ ಮಾಡಿದರು. ದೂರದಿಂದಲೇ ಕಟ್ಟಡದ ಗುರುತು ಹತ್ತುತ್ತಿತ್ತು. ಸಿಸ್ಟರ್ ಕ್ಯಾರೆನ್ 1997ರಲ್ಲಿ ತೀರಿಕೊಂಡರು. ಕಟ್ಟಡ ಮಾತ್ರ ಚರ್ಚಿನ ಆಸ್ತಿಯಾಗಿತ್ತು. ನಂಬಿಕೆಯ ಮೇಲೆ ನಡೆದ ಏರ್ಪಾಡು ವ್ಯಕ್ತಿಯ ನಂತರ ಉಳಿಯುವುದು ಕಷ್ಟ. 2008ರಲ್ಲಿ ಲಾಸ್ ಏಂಜಲೀಸ್ ಆರ್ಚ್‌ಡಯೋಸೀಸ್ (ಕ್ಯಾಥೊಲಿಕ್ ಧರ್ಮಪ್ರಾಂತ) ಅದನ್ನು ಮಾರಿತು, ಮಾಲೀಕರು ಬೇರೆಯವರಾದರು. 2011ರಲ್ಲಿ ಕೇಂದ್ರ ಬಾಯ್ಲ್ ಹೈಟ್ಸಿನ ಈಸ್ಟ್ ಫಸ್ಟ್ ಸ್ಟ್ರೀಟಿಗೆ ಹೋಯಿತು, ಮೆಟ್ರೊ ನಿಲ್ದಾಣದ ಹತ್ತಿರ. ಮೆಟ್ರೊ ಬಂದಲ್ಲಿ ಬಾಡಿಗೆ ಏರುವುದು, ಹಳಬರು ಜಾಗ ಬಿಡುವುದು ಬೆಂಗಳೂರಿನವರಿಗೂ ಗೊತ್ತಿರುವ ಕಥೆ. ಮರುವರ್ಷವೇ ಕ್ಯಾಲಿಫೋರ್ನಿಯಾ ತನ್ನ ಪುನರಭಿವೃದ್ಧಿ ಏಜೆನ್ಸಿಗಳನ್ನೆಲ್ಲ ಮುಚ್ಚಿದ್ದರಿಂದ, ಅಂಥ ಏಜೆನ್ಸಿಯೊಂದರದಾಗಿದ್ದ ಈ ಕಟ್ಟಡವೂ ಮಾರಾಟಕ್ಕೆ ಬರುವಂತಾಯಿತು. ಈ ಸಲ ಕೇಂದ್ರ ಹಟ ಹಿಡಿದು ಹಣ ಹೊಂದಿಸಿತು. 2018ರಲ್ಲಿ ಕಟ್ಟಡ ಅದರದೇ ಆಯಿತು.

ಮೇಜು, ಚೌಕಟ್ಟು, ಜಾಲರಿ, ಸ್ಕ್ವೀಜಿ ಎಲ್ಲವೂ ಹಳೆಯ ಕಟ್ಟಡದಿಂದ ಸಾಗಿಸಬಹುದಾದ ಸಾಮಾನು. ಅಚ್ಚುಗಳ ಅರ್ಧ ಪಾಲು ಆಗಲೇ ಕಲಾವಿದರ ಮನೆಗಳಲ್ಲಿತ್ತು, ದೊಡ್ಡ ಸಂಗ್ರಹವೊಂದು ಸಾಂತಾ ಬಾರ್ಬರಾದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಭದ್ರವಾಗಿತ್ತು. ಒರೊಪೆಸಾ ಅವರ ಗೋಡೆಯನ್ನು ಮಾತ್ರ ಕಿತ್ತು ಒಯ್ಯುವಂತಿರಲಿಲ್ಲ. ಅದು ಚಾವೆಸ್ ಅವೆನ್ಯೂದಲ್ಲೇ ಉಳಿಯಿತು.